ಕಬಡ್ಡಿ ಅಂಕಣಕ್ಕಿಳಿದ ಆರ್‌ಎಲ್ ರೈಡರ್: ಯೂನಿಟಿಯಲ್ಲಿ ಕಟ್ಟಿದ್ದು, ಕೆಟ್ಟಿದ್ದು, ರಿಪೇರಿಯಾದದ್ದು

ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಒಂದು ಸಣ್ಣ ಕಬಡ್ಡಿ ಆಟ ಮಾಡುತ್ತಿದ್ದೇನೆ. ಒಂದು ತಂಡ ಆಡುವವರದ್ದು, ಇನ್ನೊಂದು ಕಂಪ್ಯೂಟರಿನದ್ದು. ಕಂಪ್ಯೂಟರ್ ತಂಡವನ್ನು ಮೊದಲು ಎಲ್ಲರೂ ಮಾಡುವ ಹಾಗೆ ಸ್ಟೇಟ್ ಮಷೀನ್‌ನಲ್ಲೇ, ಅಂದರೆ ಹೀಗಾದರೆ ಹೀಗೆ ಮಾಡು ಎಂಬ ಷರತ್ತುಗಳಲ್ಲೇ, ಬರೆದಿದ್ದೆ. ಡಿಫೆಂಡರ್ ಹತ್ತಿರವಿದ್ದರೆ ಕೈ ಚಾಚು, ಮೂವರು ಮುತ್ತಿದರೆ ವಾಪಸ್ ಓಡು, ಇತ್ಯಾದಿ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಹತ್ತು ನಿಮಿಷ ಆಡಿದವರಿಗೆ ಅದರ ಗುಟ್ಟು ಸಿಕ್ಕಿಬಿಡುತ್ತಿತ್ತು: ಎಡ ಕಾರ್ನರ್‌ನವನನ್ನು ಸ್ವಲ್ಪ ಮುಂದೆ ನಿಲ್ಲಿಸಿದರೆ ಸಾಕು, ರೈಡರ್ ಪ್ರತಿ ಸಲ ಅಲ್ಲಿಗೇ ಬಂದು ಬೀಳುತ್ತಿದ್ದ. ಅದಕ್ಕೊಂದು ಷರತ್ತು ಸೇರಿಸಿದರೆ ಇನ್ನೊಂದು ತೂತು ಕಾಣಿಸಿಕೊಳ್ಳುತ್ತಿತ್ತು. ಹಾಗಾಗಿ ಆ ಕೋಡನ್ನು ಪಕ್ಕಕ್ಕಿಟ್ಟು ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್, ಅಂದರೆ ಆರ್‌ಎಲ್, ಕೈಗೆತ್ತಿಕೊಂಡೆ. ಹೇಗೆ ಆಡಬೇಕು ಎಂದು ಇಲ್ಲಿ ಹೇಳಿಕೊಡುವುದಿಲ್ಲ. ಆಡಿದ್ದಕ್ಕೆ ಅಂಕ (ಇದಕ್ಕೆ ರಿವಾರ್ಡ್ ಎನ್ನುತ್ತಾರೆ) ಕೊಡುತ್ತೇವೆ, ಅದು ಹೆಚ್ಚುವ ದಾರಿಯನ್ನು ಪಾತ್ರವೇ ಹುಡುಕಿಕೊಳ್ಳುತ್ತದೆ.

ಬಳಸಿದ್ದು ಯೂನಿಟಿ ಎಂಎಲ್-ಏಜೆಂಟ್ಸ್. 2017ರಿಂದ ಇರುವ ಮುಕ್ತ ಟೂಲ್‌ಕಿಟ್. ಆಟ ಸಿ-ಶಾರ್ಪ್‌ನಲ್ಲಿ ಓಡುತ್ತದೆ, ಕಲಿಕೆ ಪಕ್ಕದಲ್ಲಿ ಪೈಥಾನ್‌ನಲ್ಲಿ ನಡೆಯುತ್ತದೆ, ಎರಡೂ ಒಂದು ಪೋರ್ಟ್ ಮೂಲಕ ಮಾತಾಡಿಕೊಳ್ಳುತ್ತವೆ. ಕಲಿತು ಮುಗಿದ ಮೇಲೆ ಕಲಿತ ಮಿದುಳು ಒಂದು ಓಎನ್‌ಎನ್‌ಎಕ್ಸ್ ಫೈಲ್ ಆಗಿ ಸಿಗುತ್ತದೆ. ಅದನ್ನು ಪಾತ್ರಕ್ಕೆ ಜೋಡಿಸಿದರೆ ಪೈಥಾನ್ ಬೇಕಿಲ್ಲ. ಗೋಡೋ ಬಳಸುವವರಿಗೆ ಗೋಡೋ ಆರ್‌ಎಲ್ ಏಜೆಂಟ್ಸ್ ಇದೆ, ಅನ್‌ರಿಯಲ್‌ನಲ್ಲಿ ಲರ್ನಿಂಗ್ ಏಜೆಂಟ್ಸ್ ಪ್ಲಗಿನ್ ಇದೆ. ಕೆಳಗೆ ಬರೆದಿರುವ ಹೆಚ್ಚಿನ ತಾಪತ್ರಯಗಳು ಅಲ್ಲೂ ಇದೇ ರೂಪದಲ್ಲಿ ಸಿಗುತ್ತವೆ, ಏಕೆಂದರೆ ಅವು ಯಾವುವೂ ಕಲಿಕೆಯ ಅಲ್ಗಾರಿದಮ್‌ನವಲ್ಲ. ಆ ಅಲ್ಗಾರಿದಮ್‌ನ ಹೆಸರು ಪಿಪಿಓ, ಅದರ ಕೋಡಿನ ಒಂದು ಸಾಲನ್ನೂ ನಾನು ಮುಟ್ಟಲಿಲ್ಲ. ರಿಪೇರಿಯಾದದ್ದು ಹೆಚ್ಚಾಗಿ ಅಂಕಣ, ರೆಫರಿ, ಗಡಿಯಾರ ಮತ್ತು ಕಣ್ಣು.

ಅಂಕಣ

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದೊಂದು ಪಾಲು ಆರೂವರೆ ಮೀಟರ್. ಮಧ್ಯಗೆರೆಯಿಂದ 3.75 ಮೀಟರ್‌ಗೆ ಬಾಕ್ ಲೈನ್, ಅಲ್ಲಿಂದ ಇನ್ನೊಂದು ಮೀಟರ್ ಆಚೆ ಬೋನಸ್ ಗೆರೆ. ಎರಡೂ ಬದಿಯಲ್ಲಿ ಒಂದೊಂದು ಮೀಟರ್ ಲಾಬಿ. ರೈಡರ್ ಯಾರನ್ನಾದರೂ ಮುಟ್ಟುವ ತನಕ ಲಾಬಿ ಆಟದೊಳಗೆ ಬರುವುದಿಲ್ಲ, ಕಾಲಿಟ್ಟರೆ ಔಟ್. ಮುಟ್ಟಿದ ಮೇಲೆ ಅದೂ ಅಂಕಣವೇ. ಅಂದರೆ ಸ್ಪರ್ಶ ಆಗುವ ಮುಂಚೆ ಅಗಲ 8 ಮೀಟರ್, ಆದ ಮೇಲೆ 10. ಆರ್‌ಎಲ್‌ಗೆ ಇದು ಸೊಗಸಾದ ವಿಷಯ. ಇದ್ದಕ್ಕಿದ್ದಂತೆ ನೆಲ ಅಗಲವಾಗುತ್ತದೆ ಎಂಬುದನ್ನು ರೈಡರ್ ತಾನೇ ಕಂಡುಕೊಳ್ಳಬೇಕು.

ಒಂದೇ ದೃಶ್ಯದಲ್ಲಿ 16 ಅಂಕಣಗಳನ್ನು ಪಕ್ಕಪಕ್ಕ ಇಟ್ಟೆ. ಎಲ್ಲ ಕಡೆಯೂ ಅದೇ ಮಿದುಳು ಆಡುತ್ತದೆ, ಅನುಭವ ಒಂದೇ ಬುಟ್ಟಿಗೆ ಬಂದು ಬೀಳುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಆಟಗಾರ ನಿಂತ ಜಾಗವನ್ನು ದೃಶ್ಯದ ಅಳತೆಯಲ್ಲಿ ಕೊಟ್ಟರೆ ಮೂರನೆಯ ಅಂಕಣದ ಮಧ್ಯಗೆರೆ ಬೇರೆ ಸಂಖ್ಯೆ, ಹತ್ತನೆಯದ್ದು ಇನ್ನೊಂದು ಸಂಖ್ಯೆ. ಅಂಕಣದ ಅಳತೆಯಲ್ಲೇ ಲೆಕ್ಕ ಹಾಕಿ, ಉದ್ದವನ್ನು 6.5ರಿಂದ, ಅಗಲವನ್ನು 5ರಿಂದ ಭಾಗಿಸಿ, ಎಲ್ಲವನ್ನೂ -1ರಿಂದ 1ರೊಳಗೆ ತರಬೇಕು.

ಗ್ರಾಫಿಕ್ಸ್ ಇಲ್ಲದ ಬಿಲ್ಡ್ ಮಾಡಿ, ಅದರ ನಾಲ್ಕು ಪ್ರತಿಗಳನ್ನು ಒಟ್ಟಿಗೆ ಓಡಿಸಿದರೆ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಕೆಲಸ ಸಾಗುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ಲವೆಂದು ಯಾರೂ ಹಿಂಜರಿಯಬೇಕಿಲ್ಲ. ಇಷ್ಟು ಚಿಕ್ಕ ನೆಟ್‌ವರ್ಕ್‌ಗೆ ಹೊತ್ತು ಹೋಗುವುದು ಫಿಸಿಕ್ಸ್ ಲೆಕ್ಕದಲ್ಲಿ, ಅದು ಸಿಪಿಯು ಪಾಲಿನ ಕೆಲಸ.

ಕಣ್ಣು, ಕೈ, ಕಾಲು

ರೈಡರ್‌ಗೆ ತನ್ನ ಬಗ್ಗೆ ತಿಳಿಯುವುದು: ಎಲ್ಲಿದ್ದೇನೆ, ಯಾವ ವೇಗದಲ್ಲಿ ಯಾವ ಕಡೆ ಹೋಗುತ್ತಿದ್ದೇನೆ, ಎಷ್ಟು ಹೊತ್ತು ಉಳಿದಿದೆ, ಬಾಕ್ ಲೈನ್ ದಾಟಿದೆನೇ, ಬೋನಸ್ ಆಯಿತೇ, ಯಾರನ್ನಾದರೂ ಮುಟ್ಟಿದೆನೇ. ಉಳಿದ ಹೊತ್ತನ್ನು ಮರೆಯದೆ ಕೊಡಬೇಕು. ಮೂವತ್ತು ಸೆಕೆಂಡ್ ಮುಗಿದರೆ ರೈಡರ್ ಔಟ್ ಎಂಬ ನಿಯಮವಿಟ್ಟು ಗಡಿಯಾರ ತೋರಿಸದಿದ್ದರೆ, ಅವನ ಪಾಲಿಗೆ ಸೋಲು ಆಕಾಶದಿಂದ ಉದುರಿದ ಹಾಗೆ.

ಎದುರಾಳಿಗಳ ವಿಷಯ ಸ್ವಲ್ಪ ತೊಡಕಿನದು. ಅವರು ಏಳು ಜನ ಇರಬಹುದು, ಒಬ್ಬನೇ ಇರಬಹುದು. ಏಳು ಖಾನೆ ಮಾಡಿ ಇಲ್ಲದವರ ಜಾಗಕ್ಕೆ ಸೊನ್ನೆ ತುಂಬಿದರೆ, ‘ಮೂರನೇ ಖಾನೆಯವನು’ ಎಂಬುದಕ್ಕೆ ರೈಡರ್ ಇಲ್ಲದ ಅರ್ಥ ಕಲ್ಪಿಸಿಕೊಳ್ಳುತ್ತಾನೆ. ಎಂಎಲ್-ಏಜೆಂಟ್ಸ್‌ನಲ್ಲಿ ಇದಕ್ಕೆಂದೇ ಬಫರ್ ಸೆನ್ಸರ್ ಇದೆ. ಪ್ರತಿ ಡಿಫೆಂಡರ್‌ಗೆ ಒಂದು ಚಿಕ್ಕ ಪಟ್ಟಿ: ನನ್ನಿಂದ ಎಷ್ಟು ದೂರ, ಯಾವ ದಿಕ್ಕಿಗೆ ಚಲನೆ, ಮುಖ ಯಾವ ಕಡೆ, ಈಗಾಗಲೇ ಮುಟ್ಟಿಸಿಕೊಂಡಿದ್ದಾನೋ ಇಲ್ಲವೋ. ಎಷ್ಟು ಜನರಿದ್ದಾರೋ ಅಷ್ಟು ಪಟ್ಟಿ ಸೇರಿಸಿದರಾಯಿತು, ಯಾವ ಕ್ರಮದಲ್ಲಿ ಸೇರಿಸಿದರೂ ಒಂದೇ. ಮೊದಲು ರೇ ಪರ್ಸೆಪ್ಷನ್ ಸೆನ್ಸರ್ ಹಾಕಿದ್ದೆ. ಸುತ್ತ ಕಿರಣಗಳನ್ನು ಬಿಟ್ಟು ಏನು ತಾಗಿತು ಎಂದು ಹೇಳುವ ಸೆನ್ಸರ್ ಅದು. ಗೋಡೆ, ಗುಂಡಿ ಇರುವ ಆಟಕ್ಕೆ ಒಳ್ಳೆಯದು. ಇಲ್ಲಿ ಒಬ್ಬ ಕವರ್‌ನ ಬೆನ್ನ ಹಿಂದೆ ನಿಂತ ಕಾರ್ನರ್ ಕಿರಣಕ್ಕೆ ಸಿಗುತ್ತಲೇ ಇರಲಿಲ್ಲ, ತೆಗೆದುಹಾಕಿದೆ.

ಚಲನೆಗೆ ಎರಡು ನಿರಂತರ ಸಂಖ್ಯೆ, ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಜೊತೆಗೆ ಆಯ್ಕೆಯ ಒಂದು ಕವಲು: ಏನೂ ಇಲ್ಲ, ಕೈ ಚಾಚು, ಕಾಲು ಬೀಸು. ಡಿಫೆಂಡರ್‌ಗೆ: ಏನೂ ಇಲ್ಲ, ಆಂಕಲ್ ಹೋಲ್ಡ್, ಬ್ಲಾಕ್. ಕಾಲು ಬೀಸಿದ ಮೇಲೆ ಒಂದು ಸೆಕೆಂಡ್ ಮತ್ತೆ ಬೀಸದ ಹಾಗೆ ಆ ಆಯ್ಕೆಗೆ ಮಾಸ್ಕ್ ಹಾಕುತ್ತೇನೆ. ಪಾತ್ರಗಳೆಲ್ಲ ಸದ್ಯಕ್ಕೆ ಕ್ಯಾಪ್ಸೂಲ್‌ಗಳು, ಅಂದರೆ ಗುಳಿಗೆಯಾಕಾರದ ವಸ್ತುಗಳು, ಮೇಲಿನ ಮನುಷ್ಯರೂಪ ಬರೀ ಅನಿಮೇಷನ್. ಕ್ಯಾಪ್ಸೂಲಿಗೆ ಎರಡು ಕಾಲಿಲ್ಲವಾದ್ದರಿಂದ ‘ಒಂದು ಕಾಲು ಬೋನಸ್ ಗೆರೆ ದಾಟಿ, ಇನ್ನೊಂದು ಗಾಳಿಯಲ್ಲಿರಬೇಕು’ ಎಂಬ ನಿಯಮವನ್ನು ಸಡಿಲಿಸಿ, ನಡುಬಿಂದು ದಾಟಿದರೆ ಸಾಕು ಎಂದಿಟ್ಟಿದ್ದೇನೆ. ಆರು ಅಥವಾ ಹೆಚ್ಚು ಡಿಫೆಂಡರ್ ಇದ್ದಾಗ ಮಾತ್ರ ಬೋನಸ್ ಎಂಬುದು ಹಾಗೆಯೇ ಉಳಿದಿದೆ.

ರೆಫರಿ ಮತ್ತು ರಿವಾರ್ಡ್

ಈ ಕೆಲಸದ ತಿರುಳಿರುವುದು ಇಲ್ಲಿ.

ಮೊದಲ ಆವೃತ್ತಿ: ಮುಟ್ಟಿದ ಕೂಡಲೇ +1, ಸಿಕ್ಕಿಬಿದ್ದರೆ -1. ರೈಡರ್ ಓಡಿಹೋಗಿ ಎದುರಿಗೆ ಸಿಕ್ಕವನನ್ನು ಮುಟ್ಟಿ ಅಲ್ಲೇ ನಿಂತುಬಿಡುತ್ತಿದ್ದ. ಲೆಕ್ಕ ಸರಿಯಾಗಿಯೇ ಇದೆ. ಮುಟ್ಟಿದ್ದಕ್ಕೆ ಕೂಲಿ ಕೈಗೆ ಬಂದಾಯಿತು, ಹಿಂದಿರುಗುವುದು ಕಷ್ಟದ ಕೆಲಸ. ಕಬಡ್ಡಿಯಲ್ಲಿ ಹಾಗಿಲ್ಲ, ಮಧ್ಯಗೆರೆ ಮುಟ್ಟುವ ತನಕ ಸ್ಪರ್ಶಕ್ಕೆ ಅಂಕವೇ ಇಲ್ಲ. ಹಾಗಾಗಿ ರಿವಾರ್ಡ್ ಪೂರ್ತಿ ಗೆರೆ ದಾಟುವ ಕ್ಷಣಕ್ಕೆ ಹೋಯಿತು: ಮೊದಲ ಅಂಕಕ್ಕೆ +1, ಮೇಲಿನ ಪ್ರತಿ ಅಂಕಕ್ಕೆ 0.25. ಔಟಾದರೆ -1.

ಈಗ ರೈಡರ್ ಮಧ್ಯಗೆರೆ ಬಿಟ್ಟು ಕದಲಲಿಲ್ಲ. ಒಳಗೆ ಹೋದರೆ ಹೆಚ್ಚಿನ ಸಲ -1, ಒಂದು ಹೆಜ್ಜೆ ಇಟ್ಟು ವಾಪಸ್ ಬಂದರೆ ಸೊನ್ನೆ. ಸೊನ್ನೆಯೇ ವಾಸಿ. ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಹೋಗುವುದು ಚಿಲ್ಲರೆ ರಿವಾರ್ಡ್ ಕಡೆಗೆ: ಮುಂದೆ ಹೋದ ಪ್ರತಿ ಹೆಜ್ಜೆಗೆ 0.01 ಕೊಡೋಣ, ಡಿಫೆಂಡರ್ ಹತ್ತಿರ ಹೋದರೆ 0.02 ಕೊಡೋಣ. ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2016ರ ಒಂದು ಪ್ರಸಿದ್ಧ ಉದಾಹರಣೆ ಇದೆ. ಓಪನ್‌ಎಐನವರು ಕೋಸ್ಟ್‌ರನ್ನರ್ಸ್ ಎಂಬ ದೋಣಿ ಓಟದ ಆಟಕ್ಕೆ ಒಂದು ಏಜೆಂಟ್‌ಗೆ, ಅಂದರೆ ಕಲಿತು ಆಡುವ ಪಾತ್ರಕ್ಕೆ, ತರಬೇತಿ ಕೊಟ್ಟಿದ್ದರು. ಆ ಆಟದಲ್ಲಿ ದಾರಿಯ ಗುರಿಗಳಿಗೆ ಢಿಕ್ಕಿ ಹೊಡೆದರೆ ಅಂಕ. ದೋಣಿ ಓಟವನ್ನೇ ಬಿಟ್ಟು ಒಂದು ಮೂಲೆಯಲ್ಲಿ ಸುತ್ತು ಹೊಡೆಯುತ್ತಾ, ಮತ್ತೆ ಮತ್ತೆ ಹುಟ್ಟುವ ಗುರಿಗಳನ್ನು ಹೊಡೆಯುತ್ತಾ, ಬೆಂಕಿ ಹತ್ತಿಕೊಂಡರೂ ಲೆಕ್ಕಿಸದೆ, ಮನುಷ್ಯರಿಗಿಂತ ಸರಾಸರಿ ಶೇ 20ರಷ್ಟು ಹೆಚ್ಚು ಅಂಕ ಗಳಿಸಿತು. ಒಂದು ಸಲವೂ ಓಟ ಮುಗಿಸಲಿಲ್ಲ.

ಕಬಡ್ಡಿಯ ನಿಯಮ ಪುಸ್ತಕ ತೆಗೆದು ನೋಡಿದರೆ ಔಷಧ ಅಲ್ಲೇ ಇತ್ತು. ರೈಡರ್ ಬಾಕ್ ಲೈನನ್ನಾದರೂ ದಾಟಬೇಕು, ಇಲ್ಲವೇ ಯಾರನ್ನಾದರೂ ಮುಟ್ಟಬೇಕು. ಎರಡೂ ಇಲ್ಲದೆ ವಾಪಸಾದರೆ ಔಟ್. ರೆಫರಿ ಸ್ಕ್ರಿಪ್ಟಿಗೆ ಅದನ್ನು ಸೇರಿಸಿದೆ. ರೈಡರ್ ಈಗ ಬಾಕ್ ಲೈನ್ ತನಕ ಓಡಿ, ಗೆರೆ ದಾಟಿ, ಅಷ್ಟೇ ವೇಗದಲ್ಲಿ ವಾಪಸ್ ಬಂದ. ಖಾಲಿ ರೈಡ್! ನಿಜವಾದ ಆಟಗಾರರೂ ಲೀಡ್ ಇದ್ದಾಗ ಇದನ್ನೇ ಮಾಡುತ್ತಾರೆ, ನೋಡುವವರಿಗೆ ಬೇಸರವಾಗುತ್ತದೆ. ಪ್ರೊ ಕಬಡ್ಡಿಯಲ್ಲಿ ಅದಕ್ಕೂ ಮದ್ದಿದೆ: ಸತತ ಎರಡು ಖಾಲಿ ರೈಡ್ ಆದರೆ ಮೂರನೆಯದು ಡು-ಆರ್-ಡೈ, ಅಂಕ ತರಲೇಬೇಕು, ಇಲ್ಲದಿದ್ದರೆ ಔಟ್. ಖಾಲಿ ರೈಡ್‌ಗಳ ಲೆಕ್ಕವನ್ನು ರೈಡರ್‌ನ ಕಣ್ಣಿಗೆ ಸೇರಿಸಿ, ಪ್ರತಿ ಎಪಿಸೋಡ್ (ತರಬೇತಿಯ ಒಂದು ಸುತ್ತು) ಶುರುವಿನಲ್ಲಿ 0, 1 ಅಥವಾ 2 ಎಂದು ಯಾದೃಚ್ಛಿಕವಾಗಿ ಇಟ್ಟೆ. ಅಲ್ಲಿಂದ ರೈಡರ್ ಆಡತೊಡಗಿದ. ರಿವಾರ್ಡ್ ಪಟ್ಟಿಗೆ ಒಂದು ಸಾಲೂ ಸೇರಲಿಲ್ಲ.

ಇದನ್ನು ಕಂಡ ಮೇಲೆ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಪಾತ್ರ ಅಡ್ಡದಾರಿ ಹಿಡಿದಾಗ ಮೊದಲು ರೆಫರಿಯನ್ನು ನೋಡುವುದು, ರಿವಾರ್ಡನ್ನು ಆಮೇಲೆ. ತಲೆಮಾರುಗಳಿಂದ ಮನುಷ್ಯರು ಇದೇ ಆಟವನ್ನು ಆಡಿ, ಇವೇ ಅಡ್ಡದಾರಿಗಳನ್ನು ಹುಡುಕಿ, ಒಂದೊಂದಕ್ಕೂ ಬೇಲಿ ಹಾಕುತ್ತಾ ಬಂದಿದ್ದಾರೆ. ಆ ಬೇಲಿಗಳಲ್ಲಿ ಯಾವುದನ್ನು ನನ್ನ ಎಂಜಿನ್‌ನಲ್ಲಿ ಬಿಟ್ಟಿದ್ದೆನೋ ಏಜೆಂಟ್ ಸರಿಯಾಗಿ ಅಲ್ಲೇ ನುಗ್ಗಿತು.

ಒಂದು ಚಿಲ್ಲರೆ ರಿವಾರ್ಡ್ ಮಾತ್ರ ಉಳಿಸಿಕೊಂಡಿದ್ದೇನೆ. ಸ್ಪರ್ಶ ಆದ ಮೇಲೆ ಮಧ್ಯಗೆರೆಯ ಕಡೆಗೆ ಬರಲು ಸಣ್ಣ ಆಮಿಷ. ಆಂಡ್ರ್ಯೂ ಇಂಗ್, ಹರಾಡಾ ಮತ್ತು ರಸೆಲ್ 1999ರಲ್ಲೇ ತೋರಿಸಿದ ಸೂತ್ರ ಅದು: ಪ್ರತಿ ಸ್ಥಿತಿಗೂ ಒಂದು ಬೆಲೆ ಕಟ್ಟಿ, ಹೊಸ ಸ್ಥಿತಿಯ ಬೆಲೆಯನ್ನು ಗ್ಯಾಮಾ ಎಂಬ ಸಂಖ್ಯೆಯಿಂದ (ಅದರ ವಿವರ ಕೆಳಗಿದೆ) ಗುಣಿಸಿ, ಹಳೆಯದನ್ನು ಕಳೆದು, ಆ ವ್ಯತ್ಯಾಸವನ್ನಷ್ಟೇ ರಿವಾರ್ಡ್ ಆಗಿ ಕೊಟ್ಟರೆ, ಅತ್ಯುತ್ತಮ ಆಟ ಯಾವುದೋ ಅದು ಬದಲಾಗುವುದಿಲ್ಲ. ಗೆರೆಯ ಹತ್ತಿರ ಬಂದು, ದೂರ ಹೋಗಿ, ಮತ್ತೆ ಬಂದು ಸುತ್ತು ಹೊಡೆದರೆ ಬಂದದ್ದೆಲ್ಲ ವಜಾ ಆಗುತ್ತದೆ. ಕೋಸ್ಟ್‌ರನ್ನರ್ಸ್ ದೋಣಿಯ ಸುತ್ತಾಟಕ್ಕೆ ಇಲ್ಲಿ ಲಾಭವಿಲ್ಲ.

ಗಡಿಯಾರ

‘ಬೇಗ ಮುಗಿಸಲಿ’ ಎಂದು ಪ್ರತಿ ಹೆಜ್ಜೆಗೆ -0.001 ದಂಡ ಹಾಕುವುದು ಎಲ್ಲ ಮಾದರಿ ಪ್ರಾಜೆಕ್ಟ್‌ಗಳಲ್ಲೂ ಕಾಣುತ್ತದೆ. ಇಲ್ಲಿಯೂ ಹಾಕಿ ನೋಡಿದರೆ ಒಂದು ವಿಚಿತ್ರ: ಡು-ಆರ್-ಡೈ ರೈಡ್ ಬಂದಾಗ ರೈಡರ್ ಒಳಗೆ ಹೋಗದೆ ನೆಟ್ಟಗೆ ಬದಿಗೆ ನಡೆದು ಲಾಬಿಗೆ ಕಾಲಿಟ್ಟು ಔಟಾಗುತ್ತಿದ್ದ. ಕ್ಯಾಮೆರಾ ಹತ್ತಿರ ತಂದು ನೋಡಿದರೆ ಒಂದಿಷ್ಟೂ ಅನುಮಾನವಿಲ್ಲದ ನಡಿಗೆ. ನಡುವಿನಿಂದ ನಾಲ್ಕು ಮೀಟರ್ ಅಡ್ಡಕ್ಕೆ ನಡೆದು, ಗೆರೆ ದಾಟಿ, ಮುಗಿಸಿಬಿಡುತ್ತಿದ್ದ.

ಲೆಕ್ಕ ಹಾಕಿ ನೋಡಿ. ಯೂನಿಟಿಯ ಫಿಸಿಕ್ಸ್ ಹೆಜ್ಜೆ 0.02 ಸೆಕೆಂಡ್, ಅಂದರೆ ಸೆಕೆಂಡಿಗೆ 50. ಡಿಸಿಷನ್ ರಿಕ್ವೆಸ್ಟರ್ ಐದು ಹೆಜ್ಜೆಗೊಮ್ಮೆ ತೀರ್ಮಾನ ಕೇಳುತ್ತದೆ, ಸೆಕೆಂಡಿಗೆ 10. ಮೂವತ್ತು ಸೆಕೆಂಡಿನ ರೈಡ್‌ನಲ್ಲಿ 300 ತೀರ್ಮಾನ. ದಂಡ 0.3 ಆಗಬೇಕಿತ್ತು. ಆದರೆ ‘ತೀರ್ಮಾನಗಳ ನಡುವೆಯೂ ಕ್ರಿಯೆ ನಡೆಸು’ ಎಂಬ ಆಯ್ಕೆ ಮೊದಲಿನಿಂದಲೇ ಟಿಕ್ ಆಗಿರುತ್ತದೆ. ಅದಿದ್ದರೆ ಕ್ರಿಯೆ ಸ್ವೀಕರಿಸುವ ಫಂಕ್ಷನ್ ಪ್ರತಿ ಫಿಸಿಕ್ಸ್ ಹೆಜ್ಜೆಗೂ ಓಡುತ್ತದೆ, ದಂಡವೂ 1500 ಸಲ ಬೀಳುತ್ತದೆ. ಪೂರ್ತಿ ರೈಡ್ ಆಡಿ ಸೋತರೆ -2.5, ಆರಂಭದಲ್ಲೇ ಹೊರಗೆ ನಡೆದರೆ -1ಕ್ಕಿಂತ ಸ್ವಲ್ಪ ಹೆಚ್ಚು ನಷ್ಟ. ರೈಡರ್ ಅಗ್ಗದ ಸೋಲನ್ನು ಆರಿಸಿಕೊಂಡಿದ್ದ. ದಂಡವನ್ನೇ ಕಿತ್ತುಹಾಕಿದೆ. ಮೂವತ್ತು ಸೆಕೆಂಡಿನ ನಿಯಮವೇ ಅವಸರ ಹುಟ್ಟಿಸುತ್ತದೆ, ಮೇಲೊಂದು ಬೇಕಿರಲಿಲ್ಲ.

ಗಡಿಯಾರದ್ದೇ ಇನ್ನೊಂದು ಕಥೆ. ತರಬೇತಿಯ ಹೊತ್ತಿನಲ್ಲಿ ಎಂಎಲ್-ಏಜೆಂಟ್ಸ್ ಆಟವನ್ನು 20 ಪಟ್ಟು ವೇಗದಲ್ಲಿ ಓಡಿಸುತ್ತದೆ. ರೈಡ್‌ನ ಕೌಂಟ್‌ಡೌನ್ ಪರದೆಯ ಮೇಲೆ ಮನುಷ್ಯರಿಗೆ ತೋರಿಸಲು ಬರೆದದ್ದು, ಗೋಡೆ ಗಡಿಯಾರದ ಸಮಯ ನೋಡಿಕೊಂಡು ಓಡುತ್ತಿತ್ತು. ಆಟ 20 ಪಟ್ಟು ಓಡಿದಾಗ ಒಂದು ರೈಡ್ ಆಟದೊಳಗಿನ 600 ಸೆಕೆಂಡ್ ಎಳೆಯಿತು. ಡಿಫೆಂಡರ್‌ಗಳು ಸುಮ್ಮನೆ ಕಾಯುವುದನ್ನು ಕಲಿಯತೊಡಗಿದಾಗ ಇದು ಸಿಕ್ಕಿತು. ಈಗ ರೈಡ್ ಸಮಯವನ್ನು ಫಿಸಿಕ್ಸ್ ಹೆಜ್ಜೆಗಳನ್ನು ಎಣಿಸಿಯೇ ಅಳೆಯುವುದು: 1500 ಆದರೆ ಮುಗಿಯಿತು. ಆರ್‌ಎಲ್‌ಗೆ ಆಟ ಒಪ್ಪಿಸುವ ಮುಂಚೆ ಕೋಡ್‌ನಲ್ಲಿ ನಿಜ ಸಮಯ ಬಳಸಿರುವ ಜಾಗಗಳನ್ನೆಲ್ಲ ಹುಡುಕಿ ತೆಗೆಯುವುದು ಒಳ್ಳೆಯದು. ಅನಿಮೇಷನ್ ಮುಗಿದಾಗ ಶುರುವಾಗುವ ಘಟನೆಗಳೂ ಇದೇ ಗುಂಪಿಗೆ ಸೇರುತ್ತವೆ.

ಮೂರನೆಯದು ಗ್ಯಾಮಾ. ಮುಂದೆ ಬರುವ ರಿವಾರ್ಡಿಗೆ ಇವತ್ತು ಎಷ್ಟು ಬೆಲೆ ಎಂದು ಹೇಳುವ ಸಂಖ್ಯೆ. ಮೊದಲಿನಿಂದ ಇರುವ ಬೆಲೆ 0.99. ಮುನ್ನೂರು ತೀರ್ಮಾನ ದಾಟಿ ಬರುವ ರಿವಾರ್ಡ್ ಮೊದಲ ಹೆಜ್ಜೆಯಲ್ಲಿ ನಿಂತವನಿಗೆ ರೂಪಾಯಿಗೆ ಐದು ಪೈಸೆಯಾಗಿ ಕಾಣುತ್ತದೆ. ಅದನ್ನು 0.995 ಮಾಡಿದರೆ ಇಪ್ಪತ್ತೆರಡು ಪೈಸೆ. ಈ ಒಂದು ಬದಲಾವಣೆಯಿಂದ ರೈಡರ್ ಕಾಯುವುದನ್ನು ಕಲಿತ. ಕೊನೆಯ ಹತ್ತು ಸೆಕೆಂಡಿನಲ್ಲಿ ಡಿಫೆನ್ಸ್ ಮುಂದೆ ಬರುವ ತನಕ ಬಾಕ್ ಲೈನ್ ಆಸುಪಾಸಿನಲ್ಲೇ ಆಡುತ್ತಿದ್ದು, ಆಮೇಲೆ ನುಗ್ಗತೊಡಗಿದ. ಎಷ್ಟು ಹೆಜ್ಜೆಯ ಅನುಭವವನ್ನು ಒಟ್ಟಿಗೆ ನೋಡಬೇಕು ಎಂದು ಹೇಳುವ ಟೈಮ್ ಹೊರೈಜನ್ ಅನ್ನೂ 64ರಿಂದ ಏರಿಸಿ ಇಡೀ ರೈಡ್ ಒಳಗೆ ಹಿಡಿಯುವಷ್ಟು ಮಾಡಿದೆ. ಮಾಡಿ ನೋಡುವವರಿಗೆ ಇತರ ಸೆಟ್ಟಿಂಗ್‌ಗಳು: ಬಫರ್ 20480, ಬ್ಯಾಚ್ 2048, ಲರ್ನಿಂಗ್ ರೇಟ್ 0.0003, ತಲಾ 256ರ ಎರಡು ಪದರ. ಉಳಿದವು ಇದ್ದ ಹಾಗೇ ಇವೆ.

ಚಿಮ್ಮುವ ರೈಡರ್

ತರಬೇತಿಯ ಗ್ರಾಫ್ ತೋರಿಸುವ ಟೆನ್ಸರ್‌ಬೋರ್ಡ್‌ನಲ್ಲಿ ರೈಡರ್‌ನ ಗೆಲುವಿನ ಗೆರೆ ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಹಾರಿತು. ಇಂಥದ್ದನ್ನು ಕಂಡರೆ ಖುಷಿಪಡುವ ಮುಂಚೆ ಆಟ ನೋಡಬೇಕು. ನಿಧಾನ ಮಾಡಿ ನೋಡಿದೆ. ರೈಡರ್ ಇಬ್ಬರು ಡಿಫೆಂಡರ್‌ಗಳ ನಡುವಿನ ಸಂದಿಗೆ ಬೇಕೆಂದೇ ಭುಜ ತೂರಿಸುತ್ತಾನೆ. ಇಬ್ಬರೂ ಹಿಡಿಯುತ್ತಾರೆ. ಮೂರು ಕ್ಯಾಪ್ಸೂಲ್‌ಗಳು ಒಂದರೊಳಗೊಂದು ಹೊಕ್ಕಿಕೊಳ್ಳುತ್ತವೆ. ಹಾಗೆ ಹೊಕ್ಕ ವಸ್ತುಗಳನ್ನು ಫಿಸಿಕ್ಸ್ ಎಂಜಿನ್ ಬಲವಂತವಾಗಿ ಬಿಡಿಸುತ್ತದೆ, ರೈಡರ್ ಹಲಸಿನ ಬೀಜ ಜಾರಿದ ಹಾಗೆ ಚಿಮ್ಮಿ ಮಧ್ಯಗೆರೆಯಾಚೆ ಬೀಳುತ್ತಾನೆ. ಹಿಡಿದ ಇಬ್ಬರೂ ಔಟ್, ಎರಡು ಅಂಕ.

ಎಂಜಿನ್‌ನ ಸಂದುಗಳನ್ನು ಏಜೆಂಟ್‌ಗಳು ಹುಡುಕುವುದು ಹೊಸತಲ್ಲ. ಓಪನ್‌ಎಐನ 2019ರ ಕಣ್ಣಾಮುಚ್ಚಾಲೆ ಪ್ರಯೋಗದಲ್ಲಿ ಹುಡುಕುವವರು ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಪೆಟ್ಟಿಗೆಯ ಸಮೇತ ಜಾರಿಕೊಂಡು ಹೋಗುವುದನ್ನು ಕಲಿತಿದ್ದರು. ಹಾಗಾಗುತ್ತದೆಂದು ಮಾಡಿದವರೇ ಅಂದುಕೊಂಡಿರಲಿಲ್ಲ.

ರಿಪೇರಿ ಮೂರು ಕಡೆ. ಯೂನಿಟಿಯ ಫಿಸಿಕ್ಸ್ ಘಟಕವಾದ ರಿಜಿಡ್‌ಬಾಡಿಯಲ್ಲಿ ಹೊಕ್ಕ ವಸ್ತುಗಳನ್ನು ಬಿಡಿಸುವ ಗರಿಷ್ಠ ವೇಗದ ಮಿತಿ ಇದೆ, ಅದನ್ನು ಸೆಕೆಂಡಿಗೆ 1 ಮೀಟರ್‌ಗೆ ಇಳಿಸಿದೆ. ಹಿಡಿತವನ್ನು ಜಾಯಿಂಟ್‌ನಿಂದ (ಎರಡು ವಸ್ತುಗಳನ್ನು ಜೋಡಿಸುವ ಕೊಂಡಿ) ಬಿಡಿಸಿ ಲೆಕ್ಕಕ್ಕೆ ತಂದೆ: ಹಿಡಿದವರ ಸಂಖ್ಯೆ ಮತ್ತು ಕೋನ ನೋಡಿ ರೈಡರ್‌ನ ವೇಗ ಇಷ್ಟಕ್ಕಿಳಿಯುತ್ತದೆ ಎಂಬ ಸೂತ್ರ. ಎಳೆದಾಡಿಕೊಂಡು ಗೆರೆ ಮುಟ್ಟಲು ಈಗಲೂ ಆಗುತ್ತದೆ, ಚಿಮ್ಮಲು ಆಗುವುದಿಲ್ಲ. ಮೂರನೆಯದು ರೆಫರಿಗೆ ಒಂದು ಕಣ್ಣು: ಯಾರ ವೇಗವಾದರೂ ಸೆಕೆಂಡಿಗೆ 8 ಮೀಟರ್ ದಾಟಿದರೆ ಆ ಎಪಿಸೋಡ್ ರದ್ದು, ರಿವಾರ್ಡ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲು. ಆ ಸಾಲುಗಳನ್ನು ಬೆಳಿಗ್ಗೆ ಎದ್ದು ಓದುವುದೇ ಒಂದು ಮಜಾ.

ಏಳು ಜನ, ಒಂದು ರಿವಾರ್ಡ್

ಡಿಫೆಂಡರ್‌ಗಳಿಗೆ ಮೊದಲು ತಲಾ ರಿವಾರ್ಡ್ ಇತ್ತು, ಹಿಡಿದವನಿಗೆ +1. ಏಳೂ ಜನ ಒಟ್ಟಿಗೆ ಮುಗಿಬಿದ್ದರು. ರೈಡರ್ ಒಂದು ಸಣ್ಣ ಸುಳಿವು ಕೊಟ್ಟರೆ ಸಾಕು, ಎಲ್ಲರೂ ಒಂದೇ ಮೂಲೆಗೆ ಬಂದು ಗುಡ್ಡೆ ಬೀಳುತ್ತಿದ್ದರು. ಅವನು ಇನ್ನೊಂದು ಕಡೆಯಿಂದ ಇಬ್ಬರನ್ನು ಸವರಿಕೊಂಡು ಹೋಗುತ್ತಿದ್ದ. ಕಾರ್ನರ್ ಹಿಡಿಯುವ ಹಾಗೆ ಮಾಡುವುದೇ ಕವರ್‌ನ ಕೆಲಸ ಎಂಬ ತಿಳಿವಳಿಕೆ ಯಾರಿಗೂ ಇರಲಿಲ್ಲ. ಇರಲು ಕಾರಣವೂ ಇಲ್ಲ, ಕವರ್‌ಗೆ ಏನೂ ಸಿಗುವುದಿಲ್ಲವಲ್ಲ.

ಎಂಎಲ್-ಏಜೆಂಟ್ಸ್‌ನ ಎಂಎ-ಪೋಕಾ ಎಂಬ ಟ್ರೇನರ್ ಇದಕ್ಕೆ ಆಗಿಬರುತ್ತದೆ. ಏಜೆಂಟ್‌ಗಳನ್ನು ಒಂದು ಗುಂಪಿಗೆ ಸೇರಿಸಿ ಗುಂಪಿಗೇ ರಿವಾರ್ಡ್ ಕೊಡುತ್ತೇವೆ. ತರಬೇತಿಯ ಹೊತ್ತಿಗೆ ಮಾತ್ರ ಇಡೀ ಗುಂಪನ್ನು ನೋಡುವ ಒಂದು ಕ್ರಿಟಿಕ್ ಇರುತ್ತದೆ, ಇವನ ಕ್ರಿಯೆಯಿಂದ ಗುಂಪಿಗೆ ಎಷ್ಟು ಉಪಕಾರವಾಯಿತು ಎಂದು ಅದು ಅಂದಾಜಿಸುತ್ತದೆ. ಗುಂಪಿನ ಗಾತ್ರ ಬದಲಾದರೂ ತೊಂದರೆಯಿಲ್ಲ, ನಡುವೆಯೇ ಹೊರಬಿದ್ದವನಿಗೂ ಆಮೇಲಿನ ಗೆಲುವಿನಲ್ಲಿ ಪಾಲು ಬರುತ್ತದೆ. ಔಟಾಗಿ ಬೆಂಚಿನಲ್ಲಿ ಕೂರುವ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇದಕ್ಕೆ ಬದಲಾಯಿಸಿದ ಮೇಲೆ ಕಾರ್ನರ್‌ಗಳು ಹಿಂದೆ ನಿಂತು ಕಾಯತೊಡಗಿದರು, ರೈಡರ್ ಬೆನ್ನು ತಿರುಗಿಸಿದ ಕ್ಷಣಕ್ಕೆ ಆಂಕಲ್ ಹೋಲ್ಡ್ ಹಾಕತೊಡಗಿದರು. ಮೂವರು ಅಥವಾ ಕಡಿಮೆ ಜನ ಉಳಿದಾಗ ಸೂಪರ್ ಟ್ಯಾಕಲ್‌ಗೆ ಹೆಚ್ಚಿನ ಅಂಕವಿರುವುದರಿಂದ ಆಗ ಇನ್ನೂ ಧೈರ್ಯವಾಗಿ ನುಗ್ಗುತ್ತಾರೆ.

ಎರಡೂ ಕಡೆ ಒಟ್ಟಿಗೆ ಕಲಿಯಬೇಕೆಂದರೆ ಸೆಲ್ಫ್-ಪ್ಲೇ. ಸ್ವಲ್ಪ ಹೊತ್ತು ರೈಡರ್ ಕಲಿಯುತ್ತಾನೆ, ಡಿಫೆಂಡರ್‌ಗಳು ಹಳೆಯ ಪ್ರತಿಯಿಂದ ಆಡುತ್ತಾರೆ. ಆಮೇಲೆ ಅದಲುಬದಲು. ಇವತ್ತಿನ ಎದುರಾಳಿಯ ವಿರುದ್ಧವೇ ಸದಾ ಆಡಿಸಿದರೆ ಇಬ್ಬರೂ ಬೆನ್ನಟ್ಟಿಕೊಂಡು ಸುತ್ತುತ್ತಾರೆ. ರೈಡರ್ ಬಲಕ್ಕೆ ಹೋಗುತ್ತಾನೆ, ಎಲ್ಲರೂ ಬಲಕ್ಕೆ ಸರಿಯುತ್ತಾರೆ, ಅವನು ಎಡಕ್ಕೆ ಹೋಗುತ್ತಾನೆ, ಬಲದ ಪಾಠ ಮರೆತುಹೋಗುತ್ತದೆ. ಹಾಗಾಗಿ ಹಿಂದಿನ ಹತ್ತು ಪ್ರತಿಗಳನ್ನು ಇಟ್ಟುಕೊಂಡು, ಅರ್ಧ ಸಲ ಹೊಸಬನ ಜೊತೆ, ಅರ್ಧ ಸಲ ಹಳಬರ ಜೊತೆ ಆಡಿಸುತ್ತೇನೆ. ಈ ಹಂತದಲ್ಲಿ ಸರಾಸರಿ ರಿವಾರ್ಡ್‌ನ ಗೆರೆ ನೋಡಿ ಪ್ರಯೋಜನವಿಲ್ಲ, ಇಬ್ಬರೂ ಸಮನಾಗಿ ಬೆಳೆದರೆ ಅದು ಮಲಗಿಯೇ ಇರುತ್ತದೆ. ನೋಡಬೇಕಾದದ್ದು ಎಲೋ, ಚೆಸ್‌ನವರು ಬಳಸುವ ರೇಟಿಂಗ್. ಅದು 1200ರಿಂದ ಶುರುವಾಗುತ್ತದೆ. ಅದು ಸರಿಯಾಗಿ ಲೆಕ್ಕವಾಗಬೇಕಾದರೆ ಎಪಿಸೋಡ್‌ನ ಕೊನೆಯ ರಿವಾರ್ಡ್ ಗೆದ್ದರೆ ಧನ, ಸೋತರೆ ಋಣ, ಸಮ ಆದರೆ ಸೊನ್ನೆ ಇರಲೇಬೇಕು.

ಆದರೆ ಸೆಲ್ಫ್-ಪ್ಲೇಗೆ ನೇರವಾಗಿ ಇಳಿಯಬಾರದು. ಏನೂ ಬಾರದ ರೈಡರ್, ಏನೂ ಬಾರದ ಡಿಫೆಂಡರ್‌ಗಳು ಸೇರಿದರೆ ಅಂಕಣದಲ್ಲಿ ಬರೀ ಅಲೆದಾಟ. ನನ್ನ ಹಳೆಯ ಸ್ಟೇಟ್ ಮಷೀನ್ ಇಲ್ಲಿ ಉಪಯೋಗಕ್ಕೆ ಬಂತು. ಮೊದಲು ಅದರ ಒಬ್ಬ ಡಿಫೆಂಡರ್ ಎದುರು, ಗೆದ್ದಂತೆಲ್ಲ ಇಬ್ಬರು, ಮೂವರು, ಏಳರ ತನಕ. ಹೀಗೆ ಸುಲಭದಿಂದ ಕಷ್ಟಕ್ಕೆ ಹೋಗುವ ಕರಿಕ್ಯುಲಮ್ ಅನ್ನು ಕಾನ್ಫಿಗ್ ಫೈಲಿನಲ್ಲೇ ಬರೆಯಬಹುದು. ಮನುಷ್ಯರ ಆಟ ರೆಕಾರ್ಡ್ ಮಾಡಿ ಅನುಕರಿಸುವ ದಾರಿಯೂ ಇದೆ, ಅದಿನ್ನೂ ಕೈಗೆತ್ತಿಕೊಂಡಿಲ್ಲ.

ನಡುಕ

ಚೆನ್ನಾಗಿ ಆಡುವ ರೈಡರ್ ನೋಡಲು ಚೆನ್ನಾಗಿರಲಿಲ್ಲ. ನಿಂತಲ್ಲೇ ಚಳಿ ಹಿಡಿದವನಂತೆ ಅದುರುತ್ತಿದ್ದ. ಸೆಕೆಂಡಿಗೆ ಹತ್ತು ತೀರ್ಮಾನ, ಪ್ರತಿಯೊಂದರಲ್ಲೂ ಒಂದಿಷ್ಟು ಯಾದೃಚ್ಛಿಕತೆ. ಬಲಕ್ಕೆ, ಎಡಕ್ಕೆ, ಬಲಕ್ಕೆ. ಕಾಲಿನ ಅನಿಮೇಷನ್ ಓಟಕ್ಕೂ ನಿಲುಗಡೆಗೂ ನಡುವೆ ಒದ್ದಾಡುತ್ತಿತ್ತು. ಅನಿಮೇಷನ್ ಮೇಲೆ ಎಷ್ಟು ನಯಗೊಳಿಸಿದರೂ ಕೆಳಗಿನ ಕ್ಯಾಪ್ಸೂಲ್ ಅದುರುವುದು ನಿಲ್ಲಲಿಲ್ಲ.

ಮಿದುಳಿನ ಮಾತು ನೇರವಾಗಿ ವೇಗವಾಗುವುದನ್ನು ನಿಲ್ಲಿಸಿದೆ. ಈಗ ಅದು ‘ಇಷ್ಟು ವೇಗ ಬೇಕು’ ಎಂಬ ಕೋರಿಕೆ ಮಾತ್ರ. ದೇಹಕ್ಕೆ ತನ್ನದೇ ವೇಗವರ್ಧನೆಯ ಮಿತಿ ಇದೆ, ಸೆಕೆಂಡಿಗೆ ಇಷ್ಟೇ ಡಿಗ್ರಿ ತಿರುಗಬಹುದು ಎಂಬ ಮಿತಿ ಇದೆ. ಓಡುತ್ತಿದ್ದವನು ಹಿಂದಿರುಗಬೇಕಾದರೆ ಮೊದಲು ನಿಲ್ಲಬೇಕು. ನಡುಕ ಹೋಯಿತು, ಜೊತೆಗೆ ಅಂದುಕೊಳ್ಳದ ಲಾಭವೊಂದು ಬಂತು. ತೂಕ ಬಂದ ಮೇಲೆ ಮೋಸಕ್ಕೆ ಬೆಲೆ ಬಂತು. ರೈಡರ್ ಒಂದು ಕಡೆ ಭುಜ ವಾಲಿಸಿದರೆ ಡಿಫೆಂಡರ್ ನಿಜವಾಗಿಯೂ ಆ ಕಡೆ ಹೊರಡುತ್ತಾನೆ, ಮತ್ತೆ ಈ ಕಡೆ ಬರಲು ಅವನಿಗೆ ಹೊತ್ತು ಹಿಡಿಯುತ್ತದೆ. ಫೇಂಟ್ ಎನ್ನುವುದು ಆ ವಾರದಿಂದ ಕಾಣಿಸಿಕೊಂಡಿತು. ತೂಕವಿಲ್ಲದ ದೇಹಗಳ ನಡುವೆ ಅದು ಹುಟ್ಟುವ ಹಾಗೆಯೇ ಇರಲಿಲ್ಲ.

ಆಟದಲ್ಲಿ ಮಾದರಿಯನ್ನು ಓಡಿಸುವಾಗ ಯಾದೃಚ್ಛಿಕತೆಯನ್ನು ಪೂರ್ತಿ ತೆಗೆಯುವ ಆಯ್ಕೆಯೂ ಇದೆ. ತೆಗೆದರೆ ರೈಡರ್ ಒಂದೇ ಸನ್ನಿವೇಶಕ್ಕೆ ಒಂದೇ ಉತ್ತರ ಕೊಡುತ್ತಾನೆ, ಸ್ಟೇಟ್ ಮಷೀನ್‌ನ ಹಳೆ ರೋಗ ಮರುಕಳಿಸುತ್ತದೆ. ಹಾಗೇ ಬಿಟ್ಟಿದ್ದೇನೆ.

ಮನುಷ್ಯರ ಎದುರು

ಸ್ನೇಹಿತರಿಗೆ ಕೊಟ್ಟೆ. ಯಾರೂ ಗೆಲ್ಲಲಿಲ್ಲ, ಯಾರಿಗೂ ಇಷ್ಟವೂ ಆಗಲಿಲ್ಲ. ‘ನಾನು ಬಟನ್ ಒತ್ತುವ ಮುಂಚೆಯೇ ಅವನಿಗೆ ಗೊತ್ತಾಗುತ್ತೆ ಕಣೋ’ ಎಂದ ಒಬ್ಬ. ಅವನು ಹೇಳಿದ್ದು ಹೆಚ್ಚುಕಡಿಮೆ ನಿಜ. ನನ್ನ ಏಜೆಂಟ್‌ಗೆ ಎದುರಾಳಿಯ ವೇಗ ಬದಲಾದ ಕ್ಷಣವೇ ಸಂಖ್ಯೆಯಾಗಿ ಸಿಗುತ್ತದೆ, ಮನುಷ್ಯ ಅದನ್ನು ಕಣ್ಣಲ್ಲಿ ಕಂಡು ಬೆರಳು ಆಡಿಸಲು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ಬೇಕು. 2018ರಲ್ಲಿ ಡೋಟಾ 2 ಆಡುವ ಓಪನ್‌ಎಐ ಫೈವ್‌ಗೂ ಇದೇ ಆಕ್ಷೇಪ ಬಂದಿತ್ತು, ಅದರ ಪ್ರತಿಕ್ರಿಯೆಯ ಸಮಯವನ್ನು 80ರಿಂದ 200 ಮಿಲಿಸೆಕೆಂಡಿಗೆ ಏರಿಸಿದ್ದರು.

ಸುಲಭ ಹಂತಕ್ಕೆ ತರಬೇತಿಯ ಹಳೆಯ ಪ್ರತಿಗಳನ್ನು ಹಾಕಿ ನೋಡಿದೆ. ಅದು ಸರಿಹೋಗಲಿಲ್ಲ. ಅರ್ಧ ಕಲಿತ ರೈಡರ್ ಹೊಸ ಆಟಗಾರನ ಹಾಗೆ ತಪ್ಪುವುದಿಲ್ಲ, ಬಾಕ್ ಲೈನ್ ಮೇಲೆ ಗಿರಗಿರನೆ ಸುತ್ತುವಂಥ ಅರ್ಥವಿಲ್ಲದ ತಪ್ಪು ಮಾಡುತ್ತಾನೆ. ಈಗ ಇರುವ ಏರ್ಪಾಡು ಬೇರೆ. ಪೂರ್ತಿ ಕಲಿತ ಮಿದುಳನ್ನೇ ಇಟ್ಟು ಕಣ್ಣನ್ನು ಮಂದ ಮಾಡುವುದು. ಎದುರಾಳಿಗಳ ಪಟ್ಟಿಯನ್ನು ಒಂದು ಸರದಿಯಲ್ಲಿಟ್ಟು, ಎರಡು ತೀರ್ಮಾನದಷ್ಟು ಹಳೆಯದನ್ನು ತೋರಿಸುತ್ತೇನೆ, ಅಂದರೆ 200 ಮಿಲಿಸೆಕೆಂಡ್ ತಡ. ಸುಲಭ ಹಂತದಲ್ಲಿ ನಾಲ್ಕು. ಬೆನ್ನ ಹಿಂದಿರುವವರನ್ನು ಪಟ್ಟಿಯಿಂದಲೇ ಬಿಡುತ್ತೇನೆ. ತಡವನ್ನು ತರಬೇತಿಯಲ್ಲೂ 1ರಿಂದ 5ರೊಳಗೆ ಯಾದೃಚ್ಛಿಕವಾಗಿ ಇಡಬೇಕು, ತಡ ಎಷ್ಟಿದೆ ಎಂಬುದನ್ನೂ ಏಜೆಂಟ್‌ಗೆ ತಿಳಿಸಬೇಕು. ಆಗ ತಡವಾಗಿ ನೋಡುವವನು ಅದಕ್ಕೆ ತಕ್ಕ ಹಾಗೆ ದೂರ ಕಾಯ್ದುಕೊಂಡು ಆಡುತ್ತಾನೆ. ಸುಲಭ ಹಂತದ ರೈಡರ್ ಈಗ ಹೆದರಿಕೊಂಡು ಆಡುವ ಹೊಸ ಹುಡುಗನ ಹಾಗೆ ಕಾಣುತ್ತಾನೆ, ಕೆಟ್ಟುಹೋದ ಯಂತ್ರದ ಹಾಗಲ್ಲ.

ಫೋನಿಗೆ ಹಾಕುವುದು ಕಷ್ಟವೆಂದು ಹೆದರಿದ್ದೆ, ಏನೂ ಕಷ್ಟವಾಗಲಿಲ್ಲ. ಒಂದೇ ಮಾದರಿ ಬಳಸುವ ಏಳೂ ಡಿಫೆಂಡರ್‌ಗಳ ಲೆಕ್ಕವನ್ನು ಎಂಜಿನ್ ಒಟ್ಟಿಗೆ ಮಾಡಿ ಮುಗಿಸುತ್ತದೆ, ಸೆಕೆಂಡಿಗೆ ಹತ್ತು ಸಲ. ಫ್ರೇಮ್ ರೇಟ್ ತಿನ್ನುತ್ತಿರುವುದು ಪ್ರೇಕ್ಷಕರ ಗ್ಯಾಲರಿಯ ನೆರಳುಗಳು.

ಬಾಕಿ ಇರುವುದು ಚೈನ್ ಟ್ಯಾಕಲ್. ಇಬ್ಬರು ಕೈ ಹಿಡಿದುಕೊಂಡರೆ ಹಿಡಿತ ಗಟ್ಟಿ, ಆದರೆ ಇಬ್ಬರ ವೇಗವೂ ಕಡಿಮೆ ಎಂದು ನಿಯಮ ಬರೆದಿದ್ದೇನೆ. ಡಿಫೆಂಡರ್‌ಗಳು ಕೈ ಹಿಡಿಯುವುದೇ ಇಲ್ಲ. ನಷ್ಟ ಹಿಡಿದ ಕೂಡಲೇ ಗೊತ್ತಾಗುತ್ತದೆ, ಲಾಭಕ್ಕೆ ಇಬ್ಬರೂ ಒಟ್ಟಿಗೆ ಸರಿಯಾಗಿ ಸರಿಯಬೇಕು, ಅಕಸ್ಮಾತ್ತಾಗಿ ಅದು ನಡೆಯುವುದು ಅಪರೂಪ. ಕೈ ಹಿಡಿದಿದ್ದಕ್ಕೆ ಚಿಲ್ಲರೆ ರಿವಾರ್ಡ್ ಕೊಡುವ ಯೋಚನೆ ಇಲ್ಲ, ಕೊಟ್ಟರೆ ಏಳು ಜನ ಮೂವತ್ತು ಸೆಕೆಂಡ್ ಕೈ ಹಿಡಿದುಕೊಂಡೇ ನಿಂತಿರುತ್ತಾರೆ. ಬದಲಿಗೆ ನಾಲ್ಕರಲ್ಲಿ ಒಂದು ಎಪಿಸೋಡನ್ನು, ಎಡ ಕಾರ್ನರ್ ಮತ್ತು ಅವನ ಪಕ್ಕದವನು ಈಗಾಗಲೇ ಕೈ ಹಿಡಿದಿರುವಂತೆ, ರೈಡರ್ ಬೋನಸ್ ಗೆರೆಯ ಬಳಿ ಇರುವಂತೆ ಶುರು ಮಾಡುತ್ತಿದ್ದೇನೆ. ಚೈನ್‌ನ ರುಚಿ ಅಲ್ಲಿಂದ ಹತ್ತಿದರೆ ಕೈ ಹಿಡಿಯುವುದನ್ನು ಆಮೇಲೆ ಅವರೇ ಕಲಿಯಬಹುದು. ಆ ತರಬೇತಿ ಈಗ ಓಡುತ್ತಿದೆ, ಡಿಫೆಂಡರ್‌ಗಳ ಎಲೋ ಸದ್ಯಕ್ಕೆ 1200ರ ಕೆಳಗೇ ಇದೆ.